ಹೀಟರ್ ಬದಲಿಸೋ ಮೊದಲು ಬಿಲ್ ತೆಗೆದು ನೋಡಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟುಹೋಗಿದೆ, ಬರೆದೇ ಬಿಡ್ತೀನಿ.

ಇಲ್ಲಿ ಗ್ಲಾಸ್ಗೋದಲ್ಲಿ ನಮ್ಮ ದಾವಣಗೆರೆ ಕಡೆಯ ಒಂದು ಕುಟುಂಬ ಹೊಸದಾಗಿ ಫ್ಲಾಟ್ ತಗೊಂಡಿದೆ. ಗ್ಯಾಸ್ ಲೈನ್ ಇಲ್ಲದ ಕಟ್ಟಡ. ಗೋಡೆಗೆ ಮೂರು ಹಳೇ ಸ್ಟೋರೇಜ್ ಹೀಟರ್, ಅಂದರೆ ರಾತ್ರಿ ಬಿಸಿ ಕೂಡಿಟ್ಟುಕೊಂಡು ಹಗಲು ಮನೆ ಬೆಚ್ಚಗಿಡುವ ಕರೆಂಟ್ ಹೀಟರ್. ಯಾವುದೋ ಕಂಪನಿಯವನು ಬಂದು, ಮೂರನ್ನೂ ಕಿತ್ತು ಹೊಸದು ಹಾಕಿದರೆ ಬಿಲ್ ಅರ್ಧಕ್ಕರ್ಧ ಇಳಿಯುತ್ತೆ ಅಂತ 3,600 ಪೌಂಡಿನ ಕೊಟೇಶನ್ ಕೊಟ್ಟು ಹೋಗಿದ್ದಾನೆ. "ಸಾಲ ಮಾಡಿಯಾದ್ರೂ ಹಾಕಿಸಿಬಿಡೋಣ್ವಾ ಅಣ್ಣಾ?" ಅಂತ ಆ ಮನೆಯ ಹೆಣ್ಣುಮಗಳು ಕೇಳಿದಳು. ಮೊದಲು ಬಿಲ್ ತೋರಿಸಮ್ಮ ಅಂದೆ. ಕೊಟೇಶನ್ ಕೊಟ್ಟ ಆ ಮನುಷ್ಯ ಬಿಲ್ ಕೇಳಿಯೇ ಇರಲಿಲ್ಲವಂತೆ!

ಬಿಲ್ಲಿನಲ್ಲಿ ಏನಿತ್ತು ಗೊತ್ತಾ? ಇಪ್ಪತ್ನಾಲ್ಕು ಗಂಟೆಗೂ ಒಂದೇ ದರ. ಸ್ಟೋರೇಜ್ ಹೀಟರ್ ಇರುವ ಮನೆಗೆ ಒಂದೇ ದರ!

ಈ ಹೀಟರ್ ಹುಟ್ಟಿದ್ದೇ ಅಗ್ಗದ ರಾತ್ರಿ ಕರೆಂಟನ್ನು ನಂಬಿಕೊಂಡು. ಬ್ರಿಟನ್ನಿನಲ್ಲಿ 1978ರಲ್ಲಿ ಬಂದ ಎಕಾನಮಿ 7 ಅಂದರೆ ರಾತ್ರಿ ಹೊತ್ತು ಒಟ್ಟು ಏಳು ತಾಸು ಕಡಿಮೆ ದರ. ಆ ಹೊತ್ತಲ್ಲಿ ಒಳಗಿನ ಭಾರವಾದ ಇಟ್ಟಿಗೆಗಳು ಕಾಯುತ್ತವೆ, ಹಗಲೆಲ್ಲ ಆ ಬಿಸಿ ಹೊರಗೆ ಬರುತ್ತೆ. ಊರಲ್ಲಿ ಬೆಳಗ್ಗೆ ಒಲೆ ಆರಿದರೂ ಬಚ್ಚಲ ಹಂಡೆ ನೀರು ಮಧ್ಯಾಹ್ನದವರೆಗೆ ಬೆಚ್ಚಗಿರುತ್ತಲ್ಲ, ಹಾಗೆ. 3.4 ಕಿಲೋವ್ಯಾಟ್‌ನ ದೊಡ್ಡ ಹೀಟರ್ ಏಳು ಗಂಟೆಯಲ್ಲಿ ಸುಮಾರು 24 ಯೂನಿಟ್ ನುಂಗುತ್ತೆ. ಅಷ್ಟೂ ಯೂನಿಟ್ಟಿಗೆ ರಾತ್ರಿಯ ಕಡಿಮೆ ದರ ಬಿಟ್ಟು ಆ ಒಂದೇ ದರ ಕಟ್ಟಿದರೆ ಬಿಲ್ ಏರದೆ ಇನ್ನೇನಾಗುತ್ತೆ?

ಅವರದು ಹಳೇ ರೇಡಿಯೋ ಟೆಲಿಸ್ವಿಚ್ ಮೀಟರ್ ಇದ್ದ ಮನೆ. ಬಿಬಿಸಿ ರೇಡಿಯೋ 4ರ ಲಾಂಗ್‌ವೇವ್ ಪ್ರಸಾರದ ಜೊತೆಗೇ ಬರುತ್ತಿದ್ದ ಸಂಕೇತದಿಂದ ಆ ಮೀಟರುಗಳು ದರ ಬದಲಿಸುತ್ತಿದ್ದವು. 2025ರ ಜೂನ್ 30ರಿಂದ ಅದನ್ನು ಹಂತಹಂತವಾಗಿ ನಿಲ್ಲಿಸತೊಡಗಿದರು. ಇವರಿಗೆ ಸ್ಮಾರ್ಟ್ ಮೀಟರ್ ಹಾಕಿಹೋದವರು ಟ್ಯಾರಿಫ್ (ಕರೆಂಟ್ ದರದ ಯೋಜನೆ) ಬಗ್ಗೆ ಒಂದು ಮಾತೂ ಹೇಳಲಿಲ್ಲ. ಹೀಟರ್ ಮಾರಲು ಬಂದವನು ಬಿಲ್ಲೇ ನೋಡಲಿಲ್ಲ. ಸಿಟ್ಟು ಬರದೆ ಇರುತ್ತಾ ಹೇಳಿ.

ಈ ಹಳೇ ಹೀಟರ್ ಮೇಲೆ ತಿರುಗಿಸೋ ಎರಡು ಗುಂಡಿ ಇರುತ್ತವೆ, ರಾತ್ರಿ ಎಷ್ಟು ಬಿಸಿ ತುಂಬಿಕೊಳ್ಳಬೇಕು ಅನ್ನೋ ಇನ್‌ಪುಟ್ ಒಂದು, ಅದು ಎಷ್ಟು ಬೇಗ ಹೊರಗೆ ಬರಬೇಕು ಅನ್ನೋ ಔಟ್‌ಪುಟ್ ಒಂದು. ಇವರ ಮನೆಯಲ್ಲಿ ಎರಡೂ ತುತ್ತತುದಿಗೆ. ಹಾಗಾಗಿ ಬಿಸಿಯೆಲ್ಲ ಬೆಳಗಿನ ಜಾವ, ಎಲ್ಲರೂ ರಜಾಯಿ ಹೊದ್ದು ಮಲಗಿರುವಾಗಲೇ ಸೋರಿಹೋಗುತ್ತೆ. ಮಕ್ಕಳು ಸ್ಕೂಲಿಂದ ಬರೋ ಹೊತ್ತಿಗೆ ಹೀಟರ್ ತಣ್ಣಗೆ. ಆಗ ಪ್ಲಗ್ಗಿಗೆ ಹಾಕೋದು 2 ಕಿಲೋವ್ಯಾಟ್ ಫ್ಯಾನ್ ಹೀಟರ್, ಮಲಗೋವರೆಗೂ. ಕಿಟಕಿಯ ಸಂದಿಗೆ ಕೈ ಹಿಡಿದರೆ ಗಾಳಿ ತಾಗುತ್ತೆ. ಇದ್ಯಾವುದನ್ನೂ ನೋಡದೆ ಪೆಟ್ಟಿಗೆ ಬದಲಿಸಿ ಅಂದರೆ?

ಹಳೇದೇ ಇರಲಿ ಹೊಸದೇ ಇರಲಿ, ಒಂದು ಯೂನಿಟ್ ಕರೆಂಟ್ ಕೊಟ್ಟರೆ ಸಿಗೋದು ಒಂದು ಯೂನಿಟ್ ಬಿಸಿ. ಹೀಟ್ ಪಂಪ್ ಆದರೆ ಹೊರಗಿನ ಗಾಳಿಯ ಬಿಸಿ ಎಳೆದು ಮೂರರ ಹತ್ತಿರ ಕೊಡುತ್ತೆ, ಅದರ ಮಾತು ಬೇರೆ.

ಹೊಸದರಲ್ಲಿ ಏನೂ ಇಲ್ಲವಾ ಅಂತ ಕೇಳ್ತೀರಿ. ಇದೆ. ಇನ್ಸುಲೇಶನ್ ಚೆನ್ನಾಗಿದೆ, ಥರ್ಮೋಸ್ಟಾಟ್ ಇದೆ, ಫ್ಯಾನ್ ಇದೆ, ಸಂಜೆಗೂ ಬಿಸಿ ಉಳಿಯುತ್ತೆ. ಹಳೇದು ಕೆಟ್ಟಿದ್ದರೆ, ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಸಿಕ್ಕರೆ, ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ. ಆದರೆ ಸಾಲದ ದುಡ್ಡಲ್ಲಿ ಬೇಡ. ವರ್ಷಕ್ಕೆ 250 ಪೌಂಡ್ ಉಳಿಯುತ್ತೆ ಅಂತಲೇ ಇಟ್ಟುಕೊಳ್ಳಿ, 3,600 ವಾಪಸ್ ಬರೋಕೆ ಹದಿನಾಲ್ಕು ವರ್ಷ ಮೀರುತ್ತೆ, ಬಡ್ಡಿ ಬೇರೆ. ಅದೇ ಟ್ಯಾರಿಫ್ ಬದಲಿಸೋಕೆ ಒಂದು ಫೋನ್ ಸಾಕು.

ಇಷ್ಟು ಕೂಗಾಡೋಕೆ ಕಾರಣ ಇದೆ. ನನ್ನ ಹಳೇ ಬಾಡಿಗೆ ಮನೆಯಲ್ಲೂ ಇವೇ ಹೀಟರುಗಳು. ಅಮ್ಮ ಬಂದಿದ್ದ ಚಳಿಗಾಲ, ಸಂಜೆ ಆರಿಹೋದ ಹೀಟರಿಗೆ ಬೆನ್ನು ಕೊಟ್ಟು, ಎರಡು ಶಾಲು ಹೊದ್ದು ಕೂತಿರುತ್ತಿದ್ದಳು. ಫ್ಯಾನ್ ಹೀಟರ್ ಹಾಕೋಕೆ ಹೋದರೆ "ಬ್ಯಾಡ ಕಣೋ, ಬಿಲ್ ಜಾಸ್ತಿ ಬರ್ತದೆ" ಅಂತ ಕೈ ಹಿಡಿಯೋಳು. ನೆನೆಸಿಕೊಂಡರೆ ಇವತ್ತಿಗೂ ಕರುಳು ಕಿತ್ತು ಬರುತ್ತೆ. ಇನ್ನೊಬ್ಬರ ಮನೆಯಲ್ಲಿ ಹಾಗಾಗೋದು ನನಗೆ ಬೇಡ.

ಆ ಕೊಟೇಶನ್ನಿಗೆ ಸದ್ಯ ಸಹಿ ಹಾಕಬೇಡಿ ಅಂದಿದ್ದೀನಿ. ಸೋಮವಾರ ಅವರ ಜೊತೆ ಕೂತು ಕರೆಂಟ್ ಕಂಪನಿಗೆ ಫೋನ್ ಮಾಡಿ ಎರಡು ದರದ ಟ್ಯಾರಿಫ್ ಕೇಳ್ತೀವಿ, ಆಮೇಲೆ ಹೋಮ್ ಎನರ್ಜಿ ಸ್ಕಾಟ್‌ಲೆಂಡ್‌ಗೆ. ಅಲ್ಲಿ ಸಲಹೆಗೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹೀಟರ್ ಇದ್ದರೆ ಬಿಲ್ಲಿನ ಫೋಟೋ, ಮೀಟರಿನ ಫೋಟೋ ಇನ್‌ಬಾಕ್ಸ್‌ಗೆ ಹಾಕಿ. ರಾತ್ರಿ ಎಷ್ಟೊತ್ತಾದರೂ ಸರಿ, ನೋಡಿ ಹೇಳ್ತೀನಿ.