ಮೂರು ಜಡೆ, ಒಂದು ಕೂಲರ್

ಬೇಸಿಗೆ ರಜೆಯ ಮಟ್ಟಿಗೆ ದಿಲ್ಲಿಗೂ ಕರ್ನಾಟಕಕ್ಕೂ ಇರುವ ದೊಡ್ಡ ಜಗಳ ಬಿಸಿಲಿನದಲ್ಲ, ತಾರೀಖಿನದು. 2025ರಲ್ಲಿ ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ. ದಿಲ್ಲಿಯ ಸರ್ಕಾರಿ ಶಾಲೆಗಳಿಗೆ ಮೇ 11ರಿಂದ ಜೂನ್ 30. ಎರಡೂ ಕೂಡುವುದು ಹದಿನೆಂಟೇ ದಿನ. ಅದರಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎರಡು ರಾತ್ರಿ ಕಳೆಯಿರಿ. ಅಜ್ಜಿ ಮನೆಯಲ್ಲಿ ದೊಡ್ಡಮ್ಮನ ಮಕ್ಕಳು, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರುವುದು ಹದಿನೈದು ಹದಿನಾರು ದಿನ. ಆಮೇಲೆ ಅಲ್ಲಿಯವರು ಹೊಸ ಪುಸ್ತಕಕ್ಕೆ ರಟ್ಟು ಹಾಕುತ್ತ ಕೂರುತ್ತಾರೆ, ದಿಲ್ಲಿಯಿಂದ ಹೋದ ಹುಡುಗಿಯರು ಹೊಸ್ತಿಲ ಮೇಲೆ ಕೂತು ‘ಬೋರು’ ಅನ್ನುತ್ತಾರೆ.

ಹೋಂವರ್ಕಿನ ಮೂಲವೂ ಇಲ್ಲೇ ಇದೆ. ಕರ್ನಾಟಕದಲ್ಲಿ ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಹಳೆಯ ತರಗತಿ ಹರಿದುಹೋದ ಮೇಲೆ ರಜೆ. ದಿಲ್ಲಿಯಲ್ಲಿ ಹೊಸ ತರಗತಿ ಏಪ್ರಿಲ್‌ನಲ್ಲೇ ಶುರು, ಆರು ವಾರ ಪಾಠವಾದ ಮೇಲೆ ರಜೆ. ಅಲ್ಲಿನದು ತರಗತಿಗಳ ನಡುವಿನ ಬಿಡುವು, ಇಲ್ಲಿನದು ತರಗತಿಯ ನಡುವಿನ ಬಿಡುವು. ಹಾಗಾಗಿ ಇಲ್ಲಿನ ರಜೆಗೆ ಹೋಂವರ್ಕ್ ಎಂಬ ಒಬ್ಬ ಯಜಮಾನ ಇರುತ್ತಾನೆ. ಮೂರು ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಅವನು ಮೂರು ಥರ್ಮಾಕೋಲ್ ಹಾಳೆ, ಆರು ಚಾರ್ಟು, ಒಂದು ಸೌರಮಂಡಲ ಕೇಳುತ್ತಾನೆ. ಸೌರಮಂಡಲ ಜೂನ್ 29ರ ರಾತ್ರಿ ಅಪ್ಪನ ಕೈಯಲ್ಲಿ ಸೃಷ್ಟಿಯಾಗುತ್ತದೆ.

ದಿಲ್ಲಿ ಕನ್ನಡಿಗರು ಸೇರಿದಲ್ಲೆಲ್ಲ ‘ಊರಿನ ರಜೆಯೇ ರಜೆ’ ಎಂಬ ಮಾತು ಬರುತ್ತದೆ. ಅರ್ಧ ನಿಜ. ಊರಿನ ರಜೆ ಚೆನ್ನಾಗಿರುವುದು ಅಲ್ಲಿ ಕೈಗಳು ಹೆಚ್ಚು ಅಂತ: ಒಬ್ಬರು ಜಡೆ ಹಾಕುತ್ತಾರೆ, ಇನ್ನೊಬ್ಬರು ಗದರುತ್ತಾರೆ, ಮತ್ತೊಬ್ಬರು ಗದರಿಸಿಕೊಂಡವಳನ್ನು ಸಂತೆಗೆ ಕರೆದೊಯ್ಯುತ್ತಾರೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಕೈಗಳ ಕೆಲಸವನ್ನು ನಿಯಮಗಳೇ ಮಾಡಬೇಕು. ಊರಿಗೆ ಈ ನಿಯಮಗಳು ಬೇಕಾಗಿಯೇ ಇರಲಿಲ್ಲ. ಆದರೆ ಅವುಗಳಲ್ಲಿ ಕೆಲವನ್ನು ಊರಿಗೂ ಕೊಂಡೊಯ್ಯಬಹುದು.

ಮೊದಲು ಕೂಲರ್. ಎರಡು ಜುಟ್ಟು ಕೂಡಿದರೂ ಎರಡು ಜಡೆ ಕೂಡುವುದಿಲ್ಲ ಅನ್ನುವವರು ಮೇ ತಿಂಗಳಲ್ಲಿ ದಿಲ್ಲಿಗೆ ಬರಬೇಕು. ಜಗಳ ಜಡೆಯದಲ್ಲ, ಗಾಳಿಯದು. ಮೂವರು ಗಂಡುಮಕ್ಕಳನ್ನು ಬಿಟ್ಟರೂ ಇದೇ ಯುದ್ಧ, ಪೆಟ್ಟು ಸ್ವಲ್ಪ ಜಾಸ್ತಿ ಅಷ್ಟೆ. ಕಲಬುರಗಿ, ರಾಯಚೂರಿನವರಿಗೆ ಕೂಲರ್ ಪಾಠ ಬೇಕಿಲ್ಲ. ಮೈಸೂರು, ಶಿವಮೊಗ್ಗದ ಕಡೆಯವರು ಮಾತ್ರ ಅದನ್ನು ಬಡವರ ಏಸಿ ಎಂದುಕೊಂಡು ಬಾಗಿಲು ಕಿಟಕಿ ಮುಚ್ಚಿ ಹಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆ ಇಡ್ಲಿ ಪಾತ್ರೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುವುದೇ ಕೂಲರಿನ ಕೆಲಸವಾದ್ದರಿಂದ ಒಣ ಗಾಳಿ ಒಳಗೆ ಬರಬೇಕು, ತೇವದ ಗಾಳಿ ಹೊರಗೆ ಹೋಗಬೇಕು. ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ. ‘ಅವಳು ನನ್ನ ಕೋಣೆಗೆ ಬರಬಾರದು’ ಎಂದು ಹಿರಿಯವಳು ದಢಾರನೆ ಬಾಗಿಲು ಹಾಕಿದರೆ, ಸಿಟ್ಟು ಇಳಿಯುವ ಮೊದಲೇ ತಂಪು ಇಳಿದಿರುತ್ತದೆ.

ಮಲಗಿಸುವ ಲೆಕ್ಕವೂ ಇದೆ. ಒಬ್ಬರ ಹಿಂದೆ ಒಬ್ಬರು ಮಲಗಿದರೆ ಮೊದಲನೆಯವಳಿಗೆ ಗಾಳಿಯೆಲ್ಲ, ಮೂರನೆಯವಳಿಗೆ ಸದ್ದು ಮಾತ್ರ. ಗಾಳಿಗೆ ಅಡ್ಡಲಾಗಿ, ಮೂರೂ ತಲೆ ಕೂಲರಿನಿಂದ ಒಂದೇ ದೂರದಲ್ಲಿರುವಂತೆ ಹಾಸಿಗೆ ಹಾಕಿ. ಗಾಳಿಯನ್ನು ಅತ್ತಿತ್ತ ತಿರುಗಿಸುವ ಪಟ್ಟಿಗಳನ್ನು ಕೈಯಿಂದ ತನ್ನ ಕಡೆಗೆ ಎಳೆದುಕೊಳ್ಳುವವಳು ಮನೆಗೊಬ್ಬಳಾದರೂ ಇರುತ್ತಾಳೆ. ಅದನ್ನು ಆಡಿಸುವ ಸಣ್ಣ ಮೋಟರಿನ ಹಲ್ಲು ಸವೆಯುವುದು ಇದರಿಂದಲೇ. ಆಮೇಲೆ ಇಡೀ ಬೇಸಿಗೆ ಗಾಳಿ ಗೋಡೆಯ ಕ್ಯಾಲೆಂಡರಿಗೆ. ತೊಟ್ಟಿಗೆ ದಿನಕ್ಕೆ ಎರಡು ಸಲ ನೀರು ಬೇಕು, ಸರದಿ ತಪ್ಪಿದವಳದ್ದು ಆ ರಾತ್ರಿ ಅಂಚಿನ ಜಾಗ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆಯಲು ಸುಮಾರು ಒಂದು ವಾರ ಸಾಕು. ಲಾವಂಚದ ಪರದೆ ಹಾಕಿಸಿದರೆ ಮೊದಲ ಕೆಲವು ದಿನ ಮನೆಯೆಲ್ಲ ದೇವರ ಕೋಣೆಯ ವಾಸನೆ. ಬೋರಿನ ಗಡಸು ನೀರಾದರೆ ಜೂನ್ ಹೊತ್ತಿಗೆ ಪರದೆಯ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯೇ ಹಾಯುವುದಿಲ್ಲ.

ಇನ್ನು ಕೂದಲು. ಮಹಡಿಯ ಕಪ್ಪು ತೊಟ್ಟಿಯ ನೀರು ಹತ್ತು ಗಂಟೆಯ ಮೇಲೆ ಮುಟ್ಟಲಾಗದಷ್ಟು ಕಾಯುತ್ತದೆ, ರಾತ್ರಿಯಾದರೂ ಆರುವುದಿಲ್ಲ. ತಲೆಸ್ನಾನ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಅಂದರೆ ಮೂವರಲ್ಲಿ ದಿನಕ್ಕೊಬ್ಬಳೇ. ಒದ್ದೆ ಕೂದಲು ಬಿಚ್ಚಿಕೊಂಡು ಕೂಲರ್ ಮುಂದೆ ಕೂರುವುದು ಎಲ್ಲ ಹುಡುಗಿಯರ ಆಸೆ. ಕೂಲರಿನದು ತೇವದ ಗಾಳಿ, ಕೂದಲು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬಾಲ್ಕನಿಯ ನೆರಳಿನಲ್ಲಿ ನಿಲ್ಲಿಸಿದರೆ ಬೇಗ ಒಣಗುತ್ತದೆ. ಈ ಒಂದು ವಿಷಯದಲ್ಲಿ ದಿಲ್ಲಿಯ ಒಣ ಗಾಳಿಗೆ ಬೆಂಗಳೂರು ಸಾಟಿಯಲ್ಲ.

ಊರಿನಿಂದ ಮರಳಿ ಬರುವಾಗ ಚೀಲದಲ್ಲಿ ಉಪ್ಪಿನಕಾಯಿ, ತಲೆಯಲ್ಲಿ ಹೇನು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ, ತಲೆಗೆ ತಲೆ ತಾಗಿದರೆ ದಾಟುತ್ತದೆ. ನಡುಮನೆಯಲ್ಲಿ ಒಂಬತ್ತು ಹುಡುಗಿಯರು ಸಾಲಾಗಿ ಮಲಗಿ ಗುಸುಗುಸು ಮಾತಾಡಿದರೆ ಅದಕ್ಕೆ ರಾಜಮಾರ್ಗ. ಎಲ್ಲರೂ ಮಾಡುವ ತಪ್ಪೆಂದರೆ ಕೆರೆದುಕೊಳ್ಳುವವಳಿಗೆ ಮಾತ್ರ ಔಷಧಿ ಹಚ್ಚುವುದು. ಮೂವರ ತಲೆಯನ್ನೂ ಅಂದೇ ನೋಡಬೇಕು, ಅಮ್ಮನದನ್ನೂ. ಹೇನು ಕಂಡವರಿಗೆಲ್ಲ ಒಂದೇ ದಿನ ಔಷಧಿ. ಎಣ್ಣೆ ಮೆತ್ತಿದ ಕೂದಲಿಗೆ ಲೋಷನ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಅಂದು ಅಜ್ಜಿಯ ಹರಳೆಣ್ಣೆಗೆ ರಜೆ. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಆದರೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಸೀರು ಎಲ್ಲ ಸಾಯುವುದಿಲ್ಲ, ಏಳರಿಂದ ಹತ್ತು ದಿನದಲ್ಲಿ ಒಡೆಯುತ್ತದೆ. ಅದಕ್ಕೇ ಒಂಬತ್ತನೆಯ ದಿನ ಇನ್ನೊಂದು ಸುತ್ತು. ನಡುವೆ ಎರಡು ಮೂರು ದಿನಕ್ಕೊಮ್ಮೆ ಸೀರಣಿಗೆ. ಮೊದಲ ಸುತ್ತಿಗೇ ಗೆದ್ದೆವೆಂದು ಸುಮ್ಮನಾದ ಮನೆಗಳಲ್ಲಿ ಹೇನಿನ ಎರಡನೆಯ ತಲೆಮಾರು ಸುಖವಾಗಿ ಬಾಳುತ್ತದೆ.

ಸಂಡಿಗೆಗೆ ಬಂದರೆ ನನ್ನ ಮತ ಊರಿನ ಕಡೆಗೆ. ಸಮ್ಮರ್ ಕ್ಯಾಂಪಿನಲ್ಲಿ ಐಸ್‌ಕ್ರೀಮ್ ಕಡ್ಡಿಯಿಂದ ಪೆನ್ನಿನ ಡಬ್ಬ ಮಾಡಿಸುವ ಬದಲು ಮಹಡಿಯಲ್ಲಿ ಸಂಡಿಗೆ ಇಡಿಸಿ, ಮೂವರಿಗೂ ನಿಜವಾದ ಕೆಲಸ ಸಿಗುತ್ತದೆ. ಒಂದು ಲೋಟ ಸಬ್ಬಕ್ಕಿಯನ್ನು ಎರಡು ಲೋಟ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಇನ್ನು ಮೂರು ಲೋಟ ಕುದಿಯುವ ನೀರಿಗೆ ಹಾಕಿ, ಕಾಳು ಪಾರದರ್ಶಕವಾಗುವವರೆಗೆ ಬೇಯಿಸಿ. ನಾಲ್ಕು ಹಸಿಮೆಣಸಿನಕಾಯಿ ಅರೆದು ಹಾಕಿ, ಒಂದು ಚಮಚ ಜೀರಿಗೆ, ಇಳಿಸಿದ ಮೇಲೆ ನಿಂಬೆರಸ. ಉಪ್ಪು ನಾಲಿಗೆಗೆ ಕಡಿಮೆ ಅನಿಸುವಷ್ಟೇ ಇರಲಿ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಊರಲ್ಲಿ ಎರಡು ಮೂರು ದಿನ ಹಿಡಿಯುವುದು ಇಲ್ಲಿ ಒಂದೇ ದಿನಕ್ಕೆ ಗರಿಗರಿ. ಆದರೆ ದಪ್ಪಗೆ ಇಟ್ಟರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿದು, ಡಬ್ಬದಲ್ಲಿ ಬೂಷ್ಟು ಹಿಡಿಯುತ್ತದೆ. ಏಳು ಗಂಟೆಗೆ ಇಟ್ಟು ಮುಗಿಸಬೇಕು, ಆಮೇಲೆ ಮಹಡಿಯಲ್ಲಿ ಕಾಲಿಡಲಾಗುವುದಿಲ್ಲ. ಮೇಲೆ ತೆಳುವಾದ ಹಳೆ ಸೀರೆ, ನಾಲ್ಕು ಮೂಲೆಗೆ ಕಲ್ಲು. ಊರಲ್ಲಿ ಕಾಗೆ, ಇಲ್ಲಿ ಪಾರಿವಾಳ. ಮಧ್ಯಾಹ್ನ ನಾಲ್ಕರ ಮೇಲೆ ಆಂಧಿ, ಅಂದರೆ ಧೂಳಿನ ಬಿರುಗಾಳಿ, ಎದ್ದರೆ ಸಂಡಿಗೆಗೆ ರಾಜಸ್ಥಾನದ ಮರಳು. ಒಬ್ಬಳು ಇಡಲಿ, ಒಬ್ಬಳು ಕಾಯಲಿ, ಮೂರನೆಯವಳು ಎಣಿಸಲಿ. ಎಣಿಸುವವಳು ಇಲ್ಲದಿದ್ದರೆ ಕಾಯುವವಳೇ ಅರ್ಧ ಖಾಲಿ ಮಾಡುತ್ತಾಳೆ.

ಮಾವಿನ ಲೆಕ್ಕವೂ ತಪ್ಪುತ್ತದೆ: ಅಲ್ಲಿ ಬಾದಾಮಿ, ರಸಪುರಿ ಮುಗಿಯುವ ಹೊತ್ತಿಗೆ ಇಲ್ಲಿ ದಶೇರಿ ಶುರು, ಚೌಸಾ ಜುಲೈಗೆ. ಹಣ್ಣು ಯಾವುದಾದರೂ ನಿಯಮ ಒಂದೇ. ಹೆಚ್ಚಿದವಳು ಕೊನೆಗೆ ತೆಗೆದುಕೊಳ್ಳಬೇಕು. ಹೋಳುಗಳು ತಕ್ಕಡಿಯಲ್ಲಿ ತೂಗಿದಷ್ಟು ಸಮ ಬರುತ್ತವೆ. ವಾಟೆ ಮಾತ್ರ ಸರದಿಯ ಮೇಲೆ.

ಜೂನ್ ಕೊನೆಗೆ ಗಾಳಿಯಲ್ಲಿ ತೇವ ಏರಿ ಕೂಲರ್ ಬರೀ ಸದ್ದು ಮಾಡತೊಡಗುತ್ತದೆ. ಅಂಚಿನ ಜಾಗಕ್ಕೂ ನಡುವಿನ ಜಾಗಕ್ಕೂ ಭೇದವಿಲ್ಲ, ಮೂವರೂ ಸಮಾನವಾಗಿ ಬೆವರುತ್ತಾರೆ. ಅಲ್ಲಿಗೆ ಜುಲೈ 1. ಐವತ್ತು ದಿನ ಬಿಚ್ಚಿಕೊಂಡಿದ್ದ ಕೂದಲಲ್ಲಿ ಏಳು ಗಂಟೆಯೊಳಗೆ ಆರು ಬಿಗಿ ಜಡೆ ಆಗಬೇಕು, ತಲೆಗೆ ಎಂಟು ನಿಮಿಷ. ಹಿರಿಯವಳು ಕಿರಿಯವಳಿಗೆ ಹಾಕಿದರೆ ನಾಲ್ಕೇ ನಿಮಿಷ, ಆದರೆ ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕೆಳಗೆ. ರಿಬ್ಬನ್ನುಗಳನ್ನು ಜೂನ್ 30ರ ರಾತ್ರಿಯೇ ಹುಡುಕಿಡಿ. ಆರರಲ್ಲಿ ನಾಲ್ಕು ಕೂಲರಿನ ಹಿಂದೆ ಬಿದ್ದಿರುತ್ತವೆ, ಒಂದು ಸೌರಮಂಡಲದ ಶನಿಗೆ ಬಳೆಯಾಗಿರುತ್ತದೆ.