ಸ್ಪಷ್ಟನೆ: ‘ಭೂಮಿ’ ಬರೀ ಕಂಪ್ಯೂಟರಿನ ಕತೆಯಲ್ಲ
‘ಕಂಪ್ಯೂಟರ್ ತಂದಿಟ್ಟರು, ಪಹಣಿಗೆ ಲಂಚ ಕೊಡೋದು ನಿಂತೇಹೋಯ್ತು’ ಅನ್ನುವ ಮಾತು, ಪಹಣಿಯಂಥ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹತ್ತಿಸಿದ ಕರ್ನಾಟಕದ ‘ಭೂಮಿ’ ಯೋಜನೆಯ ಬಗ್ಗೆ ಮತ್ತೆ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಮೊದಲು ಪಹಣಿ ಪುಸ್ತಕ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಹತ್ತಿರ. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ನೋಡಿ, ಆ ದಾರಿಯನ್ನೇ ಬದಲಿಸಿದ್ದು ‘ಭೂಮಿ’ ಯೋಜನೆ. ತಾಲ್ಲೂಕು ಕಚೇರಿಯಲ್ಲಿ ಕಿಯಾಸ್ಕ್ (ಕಂಪ್ಯೂಟರ್ ಪಹಣಿ ಕೊಡುವ ಕೌಂಟರ್) ಶುರುವಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯೇ ಇರಲಿಲ್ಲ. ಅಸಲಿ ಏಟು ಅಲ್ಲೇ ಬಿದ್ದದ್ದು! ಹಳೇ ಪುಸ್ತಕವೂ ನಡೆಯುತ್ತಿದ್ದರೆ ಕಂಪ್ಯೂಟರ್ ಮೂಲೆಯಲ್ಲಿ ಸುಮ್ನೆ ಧೂಳು ತಿನ್ನುತ್ತಿತ್ತು ಅಲ್ವಾ?

ಖಾತೆ ಬದಲಾವಣೆಯ, ಅಂದರೆ ದಾಖಲೆಯಲ್ಲಿ ಜಮೀನಿನ ಮಾಲೀಕರ ಹೆಸರು ಬದಲಿಸುವ ಅರ್ಜಿಗಳಿಗೂ ಸರದಿಯ ಕ್ರಮ ಬಂತು. ಮೊದಲು ಬಂದದ್ದನ್ನು ಬಿಟ್ಟು ಆಮೇಲೆ ಬಂದದ್ದನ್ನು ಎತ್ತುವಂತಿಲ್ಲ. ಬದಲಾವಣೆ ಮಾಡುವ ಸಿಬ್ಬಂದಿ ಬೆರಳ ಗುರುತು ಕೊಟ್ಟೇ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗಬೇಕು, ಯಾರು ಮಾಡಿದರೆಂದು ಗೊತ್ತಾಗುತ್ತದೆ. ಕಿಯಾಸ್ಕಿನಲ್ಲಿ ಏನು ನಡೆಯುತ್ತಿದೆ ಎಂದು ಕಾಣಲು ರೈತನ ಕಡೆಗೆ ತಿರುಗಿಸಿದ ಇನ್ನೊಂದು ಕಂಪ್ಯೂಟರ್ ಪರದೆಯೂ ಇತ್ತು. ಪಹಣಿಯ ಒಂದು ಪ್ರತಿಗೆ ಆಗ 15 ರೂಪಾಯಿ.

ಇನ್ನು ‘ನಿಂತೇಹೋಯ್ತು’ ಅನ್ನೋದು ಜಾಸ್ತಿಯಾಯಿತು. ನೋಟಿಸ್ ಕೊಡುವುದು, ತಕರಾರು ಕೇಳುವುದು, ಒಪ್ಪಿಗೆ ಹಾಕುವುದು ಮನುಷ್ಯರ ಕೈಯಲ್ಲೇ ಉಳಿದವು. ಸರ್ವೆಯ ಗೋಜಲು ಪಹಣಿ ಪ್ರಿಂಟಿನಿಂದ ಬಗೆಹರಿಯುವಂಥದ್ದೂ ಅಲ್ಲ.