ಸ್ಫೂರ್ತಿ ಬಂದರೆ ಕುರ್ಚಿಯ ಕಾಲೂ ಬರುತ್ತದೆ

ಆ ಪೋಸ್ಟರ್ ಗಲಾಟೆ ನೀವೂ ನೋಡಿರುತ್ತೀರಿ: ಕುರ್ಚಿಯಲ್ಲಿ ಕೂತು ಕಾಯುವ ಮನುಷ್ಯನ ಚಿತ್ರ ಒಬ್ಬಾಕೆ ಬಿಡಿಸಿದ್ದಳು, ಅದೇ ಚಿತ್ರ ಆಕೆಯ ಹೆಸರಿಲ್ಲದೆ ಇನ್ನೊಬ್ಬ ಕಲಾವಿದರ ಪೋಸ್ಟರ್ ಆಗಿ ಬಂತು. ಕಲಾವಿದರು ಕೊಟ್ಟ ಸ್ಪಷ್ಟನೆ ಮಾತ್ರ ಅದ್ಭುತ. "ನಕಲು ಅಲ್ಲ, ಸ್ಫೂರ್ತಿ." ಆಯ್ತು ಸ್ವಾಮಿ, ಒಪ್ಪಿದೆವು. ಸ್ಫೂರ್ತಿ ಎಷ್ಟು ಜೋರಾಗಿ ಬಂತೆಂದರೆ ಇಡೀ ಚಿತ್ರ ಎಡದಿಂದ ಬಲಕ್ಕೆ ಮಗುಚಿಕೊಂಡಿತು. ಎಡಗೈಯಲ್ಲಿದ್ದ ವಾಚು ಬಲಗೈಗೆ ಬಂತು, ಅಂಗಿಯ ಜೇಬೂ ಪಕ್ಕ ಬದಲಿಸಿತು. ಮೂಲ ಚಿತ್ರ ಬಿಡಿಸಿದಾಕೆ ಅವಸರದಲ್ಲಿ ಕುರ್ಚಿಗೆ ಮೂರೇ ಕಾಲು ಹಾಕಿದ್ದಳು, ಪಾಪ. ಇವರ ಕುರ್ಚಿಗೂ ಮೂರೇ ಕಾಲು! ಇಬ್ಬರು ಬೇರೆ ಬೇರೆ ಕಡೆ ಕೂತು ಒಂದೇ ತಪ್ಪು ಮಾಡೋದು ಪರೀಕ್ಷಾ ಹಾಲಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಕದ್ದವರನ್ನು ತಪ್ಪಿನಿಂದಲೇ ಹಿಡಿಯೋದು ಹಳೇ ವಿದ್ಯೆ ಬಿಡಿ. ನಕ್ಷೆ ಮಾಡುವವರು ಬೇಕೆಂದೇ ಇಲ್ಲದ ರಸ್ತೆ, ಇಲ್ಲದ ಊರು ಸೇರಿಸುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಒಂದು ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಅಗ್ಲೋ ಅಂತ ಒಂದು ಊರು ಹುಟ್ಟಿಸಿತು. ಆಮೇಲೆ ಇನ್ನೊಂದು ಕಂಪನಿಯ ನಕ್ಷೆಯಲ್ಲೂ ಅಗ್ಲೋ ಕಾಣಿಸಿತು. ಸಿಕ್ಕಿಬಿದ್ದರು ಅಂದುಕೊಂಡರೆ, ಅಷ್ಟರಲ್ಲಿ ಯಾರೋ ನಕ್ಷೆ ನಂಬಿ ಅದೇ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದಿದ್ದರು. ಸುಳ್ಳು ಊರು ನಿಜವಾಗಿಬಿಟ್ಟಿತ್ತು! ನಮ್ಮ ಕಲಾವಿದರೂ ಧೈರ್ಯವಾಗಿರಲಿ, ಯಾರಾದರೂ ಬಡಗಿ ಮೂರು ಕಾಲಿನ ಕುರ್ಚಿ ಮಾಡಿಬಿಟ್ಟರೆ ಕೇಸು ಖುಲಾಸೆ.

ಅಭಿಮಾನಿಗಳ ವಾದ ಇನ್ನೂ ಚೆನ್ನ. "ವ್ಯಾನ್ ಗೋ ನಕಲು ಮಾಡಿರಲಿಲ್ವಾ?" ಮಾಡಿದ್ದ ಮಾರಾಯ್ರೆ. 1887ರಲ್ಲಿ ಜಪಾನಿನ ಚಿತ್ರಕಾರ ಹಿರೋಶಿಗೆಯ ಚಿತ್ರಗಳನ್ನು ನೋಡಿ ಎಣ್ಣೆಬಣ್ಣದಲ್ಲಿ ಬಿಡಿಸಿದ, ಸುತ್ತ ಅಂಚಿನ ತುಂಬ ಜಪಾನಿ ಅಕ್ಷರಗಳನ್ನೂ ಬರೆದ. ಎಲ್ಲಿಂದ ಬಂತು ಅಂತ ಚಿತ್ರವೇ ಕೂಗಿ ಹೇಳುತ್ತದೆ. ಆಮೇಲೆ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪು ಬಿಳುಪು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಬಣ್ಣವನ್ನೆಲ್ಲ ತಾನೇ ಹುಡುಕಿಕೊಂಡ, ಇದು ಯಾರದ್ದು ಅಂತ ತಮ್ಮನಿಗೆ ಕಾಗದದಲ್ಲಿ ಬರೆದೂ ಬರೆದ. ನಮ್ಮವರು ಬಣ್ಣವನ್ನೂ ಬಿಟ್ಟಿಲ್ಲ. ಬಿಟ್ಟಿದ್ದು ಆಕೆಯ ಸಹಿಯೊಂದನ್ನೇ.

ಇಲ್ಲಿಗೆ ನನಗೆ ನಗು ಮುಗಿಯಿತು. ನೋಡಿ ಕಲಿಯಬೇಡಿ ಅಂತ ಯಾರಾದರೂ ಹೇಳಿದ್ದಾರಾ? ಯಾರದ್ದೋ ಕೈ ನೋಡದೆ ಯಾರೂ ಕಲಿತಿಲ್ಲ. ಐಡಿಯಾ ಯಾರಪ್ಪನ ಆಸ್ತಿಯೂ ಅಲ್ಲ, ಕೃತಿಸ್ವಾಮ್ಯದ ಕಾನೂನೂ ಅದನ್ನೇ ಹೇಳುತ್ತದೆ. ಕುರ್ಚಿಯಲ್ಲಿ ಕೂತು ಕಾಯುವ ಮನುಷ್ಯನನ್ನು ಯಾರು ಬೇಕಾದರೂ ಬಿಡಿಸಬಹುದು. ಆದರೆ ಅವನು ಯಾರಿಗೆ ಕಾಯ್ತಿದ್ದಾನೆ ಅಂತ ಒಂದು ನಿಮಿಷ ತಾವೇ ಯೋಚಿಸಿದ್ದರೆ ಅವನ ಭುಜ ಬೇರೆ ಥರ ಬಾಗುತ್ತಿತ್ತು, ಕೈ ಬೇರೆಲ್ಲೋ ಇರುತ್ತಿತ್ತು, ಕುರ್ಚಿಗೆ ನಾಲ್ಕನೇ ಕಾಲೂ ಬರುತ್ತಿತ್ತೇನೋ. ಅಷ್ಟೂ ಮಾಡಲಿಲ್ಲ. ಹಾಳಾಗಲಿ, ಕೆಳಗೆ ಆಕೆಯ ಹೆಸರಾದರೂ ಹಾಕಬಹುದಿತ್ತು. ಕೇಳಿದ್ದಕ್ಕೆ "ನಿಮ್ಮ ಕೆಲಸ ಇಷ್ಟವಾಗಿದ್ದಕ್ಕೇ ತಾನೇ ತಗೊಂಡಿದ್ದು, ಖುಷಿಪಡಿ" ಅಂದರಂತೆ. ದುಡ್ಡು ಇವರಿಗೆ, ಖುಷಿ ಆಕೆಗೆ. ಎರಡನೇ ಸಲ ಕೇಳಿದಾಗ ಬ್ಲಾಕ್ ಮಾಡಿದ್ದಾರೆ.